ಸೇವೆ ಬೇಡ, ಮುಯ್ಯಿ ತೀರಿಸಿ

ಹೋದ ತಿಂಗಳು ಒಂದು ಭಾನುವಾರ ನಾವು ನಾಲ್ಕು ಜನ ಬೆಂಗಳೂರಿಗೆ ತಿನ್ನೋಕೆ ಹೋಗಿದ್ದೆವು. ಹೌದು, ತಿನ್ನೋಕೇ. ಬೇರೆ ಕೆಲಸ ಇರಲಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ತಾಲ್ಲೂಕಿಗೊಬ್ಬರಂತೆ ನಾಲ್ವರು. ಬೆಂಗಳೂರಿನ ಯಾವ ಹೋಟೆಲಿನಲ್ಲಿ ಏನು ಚೆನ್ನಾಗಿದೆ ಅಂತ ದಿನಾ ಮೊಬೈಲಲ್ಲಿ ವಿಡಿಯೋ ಬರುತ್ತವಲ್ಲ, ಅವನ್ನು ನೋಡಿ ನೋಡಿ ನಮಗೂ ಆಸೆ ಹುಟ್ಟಿತ್ತು. ಬೆಳಿಗ್ಗೆ ಗಾಂಧಿ ಬಜಾರ್, ಮಧ್ಯಾಹ್ನ ಕೋರಮಂಗಲ, ಸಂಜೆ ವಿ.ವಿ. ಪುರಂ ತಿಂಡಿ ಬೀದಿ ಎಂದು ಗೊತ್ತು ಮಾಡಿಕೊಂಡು ಹೊರಟೆವು.

ಕೋರಮಂಗಲದ ಹೋಟೆಲಿನ ಮೆನುವಿನಲ್ಲಿ ‘ಮುಳಬಾಗಿಲು ದೋಸೆ’ ಇತ್ತು. ಮುಳಬಾಗಿಲಲ್ಲಿ ನಾಲ್ಕು ಜನ ಹೊಟ್ಟೆ ತುಂಬ ತಿನ್ನುವ ದುಡ್ಡಿಗೆ ಅಲ್ಲಿ ಒಂದು ದೋಸೆ. ತರಿಸಿದೆವು. ನಮ್ಮ ಮುಳಬಾಗಿಲಿನ ಗೆಳೆಯ ಒಂದು ತುಂಡು ಬಾಯಿಗಿಟ್ಟು, “ದೋಸೆ ಇಲ್ಲಿಯದೇ ಕಣ್ರೋ, ಹೆಸರು ಮಾತ್ರ ನಮ್ಮೂರಿಂದ ತಂದವ್ರೆ” ಅಂದ. ನಕ್ಕೆವು. ತಟ್ಟೆ ತಂದ ಹುಡುಗನೂ ನಕ್ಕ. ಮಾತಾಡಿಸಿದರೆ ಅವನು ಟೇಕಲ್ ಕಡೆಯವನು. “ಬೆಳಿಗ್ಗೆ ರೈಲಿಗೆ ಬರ್ತೀನಣ್ಣ, ವಾಪಸ್ ಹೋಗೋದು ಮಾತ್ರ ಯಾವಾಗ ಅಂತ ಹೇಳೋಕಾಗಲ್ಲ” ಅಂದ.

ಬಿಲ್ಲು ಬಂತು. ಕೆಳಗೆ ‘ಸೇವಾ ಶುಲ್ಕ’ ಅಂತ ಒಂದು ಸಾಲು. ಇದನ್ನು ಬಿಲ್ಲಿನಲ್ಲಿ ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೊಡುವುದು ಬಿಡುವುದು ತಿಂದವರ ಇಷ್ಟ. ನಾವು ವಾದ ಮಾಡಲಿಲ್ಲ. ಟೇಕಲ್ ಹುಡುಗನಿಗಾದರೂ ಸಿಗಲಿ ಅಂತ ಕೊಟ್ಟೆವು. ಆಮೇಲೆ ಕೇಳಿದರೆ, ಅದು ಅವನ ಕೈಗೆ ಬರುವುದಿಲ್ಲವಂತೆ.

ಕೈ ತೊಳೆದು ಹೊರಗೆ ಬಂದೆವು. ವಾಪಸ್ ಬಸ್ಸಿನಲ್ಲಿ ನರಸಾಪುರ ದಾಟುವಾಗ ಮಾಲೂರಿನವಳು ಒಂದು ಮಾತು ಹೇಳಿದಳು: “ನಾವು ಕೋರಮಂಗಲದಲ್ಲಿ ಕೈ ತೊಳೆದ ನೀರೂ ಇದೇ ಕಡೆಗೆ ಬರ್ತಾ ಇದೆ, ಗೊತ್ತಾ?”

ಅಲ್ಲಿಂದ ಮನೆ ಮುಟ್ಟುವವರೆಗೂ ನಗು ಬರಲಿಲ್ಲ. ಆ ಮಾತಿನಿಂದಲೇ ಈ ಲೇಖನ.

ಕೈ ತೊಳೆದ ನೀರು ಎಲ್ಲಿಗೆ ಹೋಗುತ್ತದೆ

ನಮ್ಮ ಜಿಲ್ಲೆಯವರಿಗೆ ‘ಕೆ.ಸಿ. ವ್ಯಾಲಿ’ ಅಂದರೆ ಗೊತ್ತು. ಆದರೆ ಕೆ ಅಂದರೆ ಏನು, ಸಿ ಅಂದರೆ ಏನು ಎಂದು ಕೇಳಿದರೆ ಬಹಳ ಜನ ಸುಮ್ಮನಾಗುತ್ತಾರೆ. ಕೆ ಅಂದರೆ ಕೋರಮಂಗಲ, ಸಿ ಅಂದರೆ ಚಲ್ಲಘಟ್ಟ. ಬೆಂಗಳೂರಿನ ಆ ಭಾಗದ ಮನೆ, ಆಸ್ಪತ್ರೆ, ಅಂಗಡಿ, ಹೋಟೆಲುಗಳ ಚರಂಡಿ ನೀರು ಹರಿದು ಸೇರುವ ಕಣಿವೆ ಅದು. ವಿಡಿಯೋಗಳಲ್ಲಿ ನೀವು ನೋಡುವ ಥಳಥಳ ಹೋಟೆಲುಗಳಲ್ಲಿ ಬಹಳಷ್ಟು ಇರುವುದು ಅದೇ ಕೋರಮಂಗಲದಲ್ಲಿ.

ಆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ಐವತ್ತು ಕಿಲೋಮೀಟರಿಗೂ ಹೆಚ್ಚು ದೂರ ಪೈಪಿನಲ್ಲಿ ತಳ್ಳಿ, ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲ ಸಲ ಬಿಟ್ಟದ್ದು 2018ರ ಜೂನ್‌ನಲ್ಲಿ. ಯೋಜನೆಯ ಲೆಕ್ಕ ದಿನಕ್ಕೆ 44 ಕೋಟಿ ಲೀಟರ್. ಒಂದು ಕೆರೆ ತುಂಬಿ ಕೋಡಿ ಬಿದ್ದು ಇನ್ನೊಂದಕ್ಕೆ, ಹೀಗೆ ಕೋಲಾರ ಜಿಲ್ಲೆಯ ಮತ್ತು ಚಿಂತಾಮಣಿ ಕಡೆಯ ಒಟ್ಟು 126 ಕೆರೆಗಳನ್ನು ತುಂಬಿಸುವುದು ಮೂಲ ಯೋಜನೆ.

ಮುಂದಿನ ತಿಂಗಳೇ, ಜುಲೈನಲ್ಲಿ, ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು. ಬೆಳ್ಳಂದೂರು ಕೆರೆಯ ನೊರೆಯನ್ನು ಟಿವಿಯಲ್ಲಿ ನೋಡಿ ಅಯ್ಯೋ ಅಂದಿದ್ದ ನಾವು ಅದನ್ನು ನಮ್ಮ ಕೆರೆಯಲ್ಲೇ ನೋಡಿದೆವು. ನೀರು ನಿಲ್ಲಿಸಿದರು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆದು, ಕೆಲವು ತಿಂಗಳ ಮೇಲೆ ಬಿಟ್ಟಿತು. ಅಂದಿನಿಂದ ನೀರು ಬರುತ್ತಿದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಈ ನೀರು ಬೇಡ ಅಂತ ನಾವು ಹೇಳುತ್ತಿಲ್ಲ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ದಿನಗಳನ್ನು ನಾವೂ ನೋಡಿದ್ದೇವೆ. ವರ್ಷಪೂರ್ತಿ ಹರಿಯುವ ಒಂದು ನದಿಯೂ ನಮಗಿಲ್ಲ. ಕೆರೆ ತುಂಬಿದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದು ನಿಜ. ಬತ್ತಿದ ಕೊಳವೆ ಬಾವಿ ಮತ್ತೆ ನೀರು ಕೊಟ್ಟಾಗ ಒಬ್ಬ ರೈತ ಪಂಪಿಗೆ ಕುಂಕುಮ ಇಟ್ಟು ತೆಂಗಿನಕಾಯಿ ಒಡೆದದ್ದನ್ನು ನಾವೇ ನೋಡಿದ್ದೇವೆ. ಅವರ ಸಂತೋಷ ಸುಳ್ಳಲ್ಲ.

ನಮ್ಮ ಪ್ರಶ್ನೆ ಬೇರೆ. ಬೆಂಗಳೂರು ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ತರಿಸಿ ಕುಡಿಯುತ್ತದೆ, ತೊಳೆಯುತ್ತದೆ. ತೊಳೆದು ಮಿಕ್ಕಿದ್ದು ನಮಗೆ ಬರುತ್ತದೆ. ಬರಲಿ. ಆದರೆ ಮೂರನೇ ಹಂತದ ಶುದ್ಧೀಕರಣ ಯಾಕೆ ಇಲ್ಲ? ಎರಡನೇ ಹಂತದಲ್ಲಿ ಕೊಳೆಯನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ, ಗಸಿ ಕೆಳಗೆ ಕೂರುತ್ತದೆ. ಸೋಪಿನಪುಡಿಯಿಂದ ಬರುವ ರಂಜಕ, ಸಾರಜನಕ, ರೋಗಾಣು ಇವುಗಳನ್ನು ಸರಿಯಾಗಿ ತೆಗೆಯಲು ಮೂರನೇ ಹಂತ ಬೇಕು. ಸಾವಿರ ಕೋಟಿಗೂ ಮೀರಿ ಖರ್ಚು ಮಾಡಿದ ಯೋಜನೆಯಲ್ಲಿ ಆ ಹಂತ ಇರಲಿಲ್ಲ. ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಇದನ್ನೇ.

ಈ ನೀರು ಅಂತರ್ಜಲ ತುಂಬಲು ಮಾತ್ರ, ನೇರ ಕುಡಿಯಲಿಕ್ಕಲ್ಲ ಎಂದು ಸರ್ಕಾರ ಹೇಳುತ್ತದೆ. ಕೆರೆಗೆ ಇಳಿಯುವ ಎಮ್ಮೆಗೆ ಅದನ್ನು ಹೇಳುವವರು ಯಾರು?

ತಟ್ಟೆಯಲ್ಲಿ ನಾವು ಇದ್ದೇವೆ, ಬಿಲ್ಲಿನಲ್ಲಿ ಇಲ್ಲ

ಆ ದಿನ ನಮ್ಮ ತಟ್ಟೆಯಲ್ಲಿ ಏನೇನಿತ್ತು ಅಂತ ಬಸ್ಸಿನಲ್ಲೇ ಲೆಕ್ಕ ಹಾಕಿದೆವು.

ಚಟ್ನಿಯಲ್ಲಿ, ಸಾಂಬಾರಿನಲ್ಲಿ, ಪಾಲಕ್ ಪನೀರಿನಲ್ಲಿ ಟೊಮ್ಯಾಟೊ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲಿ ಒಂದು. ಇಲ್ಲಿ ಹರಾಜು 15 ಕಿಲೋ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತು. ಆಗ ಇಡೀ ದೇಶ ನಮ್ಮ ಮಂಡಿಯತ್ತ ತಿರುಗಿ ನೋಡಿತು. ಉತ್ತರ ಮತ್ತು ಪೂರ್ವ ಭಾರತದ ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಬರ್ಗರಿನಿಂದ ಟೊಮ್ಯಾಟೊ ತೆಗೆದೇಬಿಟ್ಟವು. ಬೆಲೆ ಏರಿದ್ದಕ್ಕೆ ಹೋಟೆಲುಗಳು ಅತ್ತವು, ಟಿವಿಗಳು ಅತ್ತವು.

ಬೆಲೆ ಬಿದ್ದಾಗ? ಕಿಲೋಗೆ ಎರಡು ಮೂರು ರೂಪಾಯಿಗೆ ಇಳಿದು, ಕೀಳುವ ಕೂಲಿಯೂ ಹುಟ್ಟದೆ, ತೋಟದಲ್ಲೇ ಕೊಳೆಯಲು ಬಿಟ್ಟಾಗ, ಹೆದ್ದಾರಿ ಪಕ್ಕ ಟ್ರ್ಯಾಕ್ಟರ್ ಗಟ್ಟಲೆ ಸುರಿದಾಗ, ಯಾವ ಹೋಟೆಲಿನ ಮೆನುವಿನಲ್ಲಾದರೂ ಟೊಮ್ಯಾಟೊ ಬಾತಿನ ಬೆಲೆ ಇಳಿದದ್ದನ್ನು ನೋಡಿದ್ದೀರಾ? ನಾವಂತೂ ನೋಡಿಲ್ಲ. ಏರಿದರೆ ಗ್ರಾಹಕನ ಮೇಲೆ, ಇಳಿದರೆ ರೈತನ ಮೇಲೆ. ನಡುವೆ ಇರುವವರ ಮೇಲೆ ಎಂದೂ ಇಲ್ಲ.

ಕಾಫಿಯಲ್ಲಿ ಹಾಲು. ನಮ್ಮ ಜಿಲ್ಲೆಯಲ್ಲಿ ಹೊಲ ಒಣಗಿದಾಗ ಮನೆ ನಡೆಸಿದ್ದು ಹಸು. ಬೆಳಿಗ್ಗೆ ಡೇರಿಗೆ ಕ್ಯಾನ್ ಹಿಡಿದು ನಿಲ್ಲುವ ಹೆಂಗಸರು ನಡೆಸಿದ್ದು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು. ಅದನ್ನು ರೈತರಿಗೇ ಕೊಡುತ್ತೇವೆ ಎಂದರು. ಕೂಡಲೇ ಬೆಂಗಳೂರಿನ ಹೋಟೆಲುಗಳಲ್ಲಿ ಕಾಫಿ, ಟೀ ಬೆಲೆ ಏರಿಸುವ ಮಾತು ಶುರುವಾಯಿತು. ಸುಮ್ಮನೆ ಲೆಕ್ಕ ಹಾಕಿ ನೋಡಿ. ಒಂದು ಕಪ್ಪಿಗೆ 100 ಮಿಲಿ ಹಾಲು ಹಿಡಿದರೂ ಏರಿಕೆ 40 ಪೈಸೆ. ಕಪ್ಪಿನ ಮೇಲೆ ಎರಡು ಮೂರು ರೂಪಾಯಿ ಏರಿಸಿ ‘ರೈತರಿಗಾಗಿ ಹಾಲಿನ ಬೆಲೆ ಏರಿದೆ’ ಎಂದರೆ, ನಮ್ಮ ಹೆಸರಿನಲ್ಲಿ ಬೇರೆಯವರು ಜೇಬು ತುಂಬಿಕೊಂಡಂತೆ.

ಕೊನೆಗೆ ಕುಡಿದದ್ದು ಮಾವಿನ ಜ್ಯೂಸು. ಶ್ರೀನಿವಾಸಪುರದವರಿಗೆ ಆ ಜ್ಯೂಸು ಗಂಟಲಲ್ಲಿ ಇಳಿಯುವುದು ಕಷ್ಟ. 2025ರ ಜೂನ್‌ನಲ್ಲಿ ಏನಾಯಿತು ನೆನಪಿದೆಯಲ್ಲ? ಹೊರ ರಾಜ್ಯದ ತೋತಾಪುರಿ ಒಳಗೆ ಬಿಡಬಾರದು ಎಂದು ಆಂಧ್ರದ ಚಿತ್ತೂರಿನಲ್ಲಿ ಆದೇಶ ಮಾಡಿದರು. ನಮ್ಮ ತೋತಾಪುರಿ ಹೋಗುತ್ತಿದ್ದದ್ದೇ ಅಲ್ಲಿನ ತಿರುಳು ಕಾರ್ಖಾನೆಗಳಿಗೆ. ಕ್ವಿಂಟಾಲಿಗೆ 12,000 ರೂಪಾಯಿವರೆಗೆ ಕಂಡಿದ್ದ ಹಣ್ಣು 3,000ಕ್ಕೆ ಬಿತ್ತು. ಬೆಳೆಯುವ ಖರ್ಚೇ ಕ್ವಿಂಟಾಲಿಗೆ 5,466 ಎಂದು ರಾಜ್ಯದ ಕೃಷಿ ಬೆಲೆ ಆಯೋಗದ ಲೆಕ್ಕ. ಶ್ರೀನಿವಾಸಪುರ ಬಂದ್ ಆಯಿತು. ರಸ್ತೆಗೆ ಹಣ್ಣು ಸುರಿದೆವು. ಕೊನೆಗೆ 2.5 ಲಕ್ಷ ಟನ್ ವರೆಗೆ ಕ್ವಿಂಟಾಲಿಗೆ 1,616 ರೂಪಾಯಿ ದರದ ಮೇಲೆ ಬೆಲೆ ವ್ಯತ್ಯಾಸ ಕೊಡುವ ಯೋಜನೆಗೆ ಕೇಂದ್ರ ಒಪ್ಪಿತು. ಖರ್ಚಿನ ಮೂರನೇ ಒಂದು ಪಾಲೂ ಅಲ್ಲದ ದರ ಅದು.

ಆ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಾವಿನ ಜ್ಯೂಸು ಅಗ್ಗವಾಯಿತೇ? ಕುಡಿದವರು ಹೇಳಲಿ.

ಇಷ್ಟಾದ ಮೇಲೆ ತಟ್ಟೆ ತಂದವನೂ ನಮ್ಮ ಟೇಕಲ್ ಹುಡುಗ. ತರಕಾರಿ ನಮ್ಮದು, ಹಾಲು ನಮ್ಮದು, ಕೈ ನಮ್ಮದು, ದೋಸೆಯ ಹೆಸರೂ ನಮ್ಮದು. ಎಂಜಲು ತೊಳೆದ ನೀರೂ ಕೊನೆಗೆ ನಮ್ಮದೇ.

ಟಿ-ಶರ್ಟ್ ಹಾಕಿಕೊಂಡು ಬಂದವರು

ಇನ್ನು ಇನ್ನೊಂದು ಭಾನುವಾರದ ಕಥೆ. ಮಾಲೂರು ತಾಲ್ಲೂಕಿನ ಒಂದು ಕೆರೆಗೆ ಬೆಂಗಳೂರಿನ ಒಂದು ಕಂಪನಿಯಿಂದ ಎರಡು ಬಸ್ಸು ಜನ ಬಂದರು. ಎಲ್ಲರದ್ದೂ ಒಂದೇ ಬಣ್ಣದ ಟಿ-ಶರ್ಟ್, ಬೆನ್ನ ಮೇಲೆ ‘ಸ್ವಯಂಸೇವಕ’ ಎಂದು. ಹಿಂದಿನ ದಿನವೇ ಜೆಸಿಬಿ ಗುಂಡಿ ತೆಗೆದಿತ್ತು. ಇವರು ಗಿಡ ಇಟ್ಟರು, ಮಣ್ಣು ಎಳೆದರು, ಫೋಟೊ ತೆಗೆಸಿಕೊಂಡರು. ಹನ್ನೊಂದೂವರೆಗೆ ಬಿಸಿಲು ಜಾಸ್ತಿಯಾಯಿತು. ಬೆಂಗಳೂರಿನ ಹೋಟೆಲಿನಿಂದಲೇ ತಂದಿದ್ದ ಡಬ್ಬಿ ಊಟ ಮಾಡಿದರು. ಹೊರಟರು.

ಕುರಿ ಮೇಯಿಸುತ್ತಿದ್ದ ಒಬ್ಬ ತಾತ ಬಹಳ ಹೊತ್ತಿನಿಂದ ನೋಡುತ್ತಾ ನಿಂತಿದ್ದರು. ಒಬ್ಬ ಹುಡುಗನನ್ನು ಕರೆದು ಕೇಳಿದರು: “ಇಷ್ಟು ಗಿಡಕ್ಕೆ ನಾಳೆಯಿಂದ ನೀರು ಯಾರಪ್ಪಾ ಹುಯ್ಯೋರು?” ಆ ಹುಡುಗ ಒಳ್ಳೆಯವನೇ, ಸುಳ್ಳು ಹೇಳಲಿಲ್ಲ. “ನಮಗೆ ಗೊತ್ತಿಲ್ಲ ತಾತ, ನಮ್ಮ ಕೆಲಸ ಇವತ್ತಿಗೆ ಅಷ್ಟೇ” ಅಂದ.

ಯುಗಾದಿ ಹೊತ್ತಿಗೆ ನಾವು ಹೋಗಿ ನೋಡಿದರೆ ಗಿಡಗಳು ಕಡ್ಡಿಯಾಗಿದ್ದವು. ಊಟದ ಡಬ್ಬಿಗಳ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.

‘ಪಾಪ, ರಜಾ ದಿನ ಬಿಟ್ಟು ಬಂದಿದ್ದಾರೆ, ಅವರನ್ನು ಯಾಕೆ ಬೈಯುತ್ತೀರಿ’ ಎಂದು ನಮ್ಮ ಮನೆಗಳಲ್ಲೇ ಕೇಳುತ್ತಾರೆ. ಬಂದ ಹುಡುಗ ಹುಡುಗಿಯರ ಮನಸ್ಸು ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಅವರಲ್ಲಿ ಕೆಲವರು ಬೆಳಗಿನಿಂದ ಕೈ ಬೊಬ್ಬೆ ಬರುವ ಹಾಗೆ ಕೆಲಸ ಮಾಡಿದರು. ಆದರೆ ಅವರನ್ನು ಕಳಿಸಿದವರ ಲೆಕ್ಕ ಬೇರೆ. 2013ರ ಕಂಪನಿ ಕಾಯಿದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಅದೇ ಕಲಂ ಹೇಳುತ್ತದೆ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ನಮ್ಮ ಹೊಲಗಳ ಮೇಲೆ ಎದ್ದಿರುವ ಕಾರ್ಖಾನೆಗಳಿಗೆ ಸ್ಥಳೀಯ ಪ್ರದೇಶ ಅಂದರೆ ನಾವೇ. ಅದು ದಾನ ಅಲ್ಲ, ಕಾನೂನು. ಕೊಡಬೇಕಾದ್ದನ್ನು ಕೊಡುವಾಗ ಶಾಲು ಹೊದಿಸಿ ಕೈ ಮುಗಿಯುವುದನ್ನು ನಮ್ಮ ಪಂಚಾಯಿತಿಗಳು ನಿಲ್ಲಿಸಬೇಕು.

ಮುಯ್ಯಿ ಅಂದರೆ ಏನು

‘ಸೇವೆ’ ಎಂಬ ಮಾತಿನಲ್ಲೇ ತೊಂದರೆ ಇದೆ. ಸೇವೆ ಮಾಡುವವನು ಯಾವಾಗ ಬೇಕಾದರೂ ಬರಬಹುದು, ಯಾವಾಗ ಬೇಕಾದರೂ ಹೋಗಬಹುದು. ಯಾಕೆ ಬರಲಿಲ್ಲ ಎಂದು ಕೇಳುವ ಹಕ್ಕು ಸೇವೆ ಪಡೆದವನಿಗೆ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಇದಕ್ಕಿಂತ ಗಟ್ಟಿಯಾದ ಒಂದು ಮಾತಿದೆ, ಮುಯ್ಯಿ. ಮದುವೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ಎಲ್ಲರ ಮನೆಯಲ್ಲೂ ಇದೆ. ಯಾರು ಎಷ್ಟು ಓದಿಸಿದರು ಎಂದು ನೋಡಿ, ಅವರ ಮನೆ ಮದುವೆಗೆ ಅಷ್ಟಕ್ಕೆ ಕಡಿಮೆ ಇಲ್ಲದಂತೆ ಓದಿಸುತ್ತೇವೆ. ಹೊಲದಲ್ಲಿ ಮುಯ್ಯಾಳು. ಇವತ್ತು ನಿಮ್ಮ ರಾಗಿ ಕೊಯ್ಲಿಗೆ ನಾವು, ನಾಳಿದ್ದು ನಮ್ಮ ಕೊಯ್ಲಿಗೆ ನೀವು.

ಮುಯ್ಯಿಯ ನಿಯಮ ಮೂರು. ಲೆಕ್ಕ ಇರುತ್ತದೆ. ತೀರಿಸುವ ಹೊತ್ತನ್ನು ತೀರಿಸುವವನು ಗೊತ್ತು ಮಾಡುವುದಿಲ್ಲ, ಬೆಳೆ ಗೊತ್ತು ಮಾಡುತ್ತದೆ. ಮತ್ತೆ, ಇಬ್ಬರೂ ಸಮ. ಮುಯ್ಯಾಳು ಬಂದವನಿಗೆ ಯಾರೂ ಹಾರ ಹಾಕುವುದಿಲ್ಲ. ಅವನೂ ಫೋಟೊ ತೆಗೆಸಿಕೊಳ್ಳುವುದಿಲ್ಲ. ಸಾಲ ಇತ್ತು, ತೀರಿಸಿದ, ಮುದ್ದೆ ಉಂಡು ಹೋದ.

ಬೆಂಗಳೂರು ನಮಗೆ ಸೇವೆ ಮಾಡುವುದು ಬೇಡ. ಬೆಂಗಳೂರಿಗೆ ನಮ್ಮ ಮುಯ್ಯಿ ಬಾಕಿ ಇದೆ, ಅದನ್ನು ತೀರಿಸಲಿ. ಇಷ್ಟೇ ನಮ್ಮ ವಾದ.

ನಮ್ಮ ಎಲೆಯ ಕೆಳಗೂ ನೋಡಿಕೊಳ್ಳೋಣ

ಬೆಂಗಳೂರನ್ನು ಬೈದು ಇಲ್ಲಿಗೇ ನಿಲ್ಲಿಸಿದರೆ ಓದುವವರಿಗೆ ಖುಷಿ, ಬರೆಯುವವರಿಗೂ ಸುಲಭ. ಆದರೆ ಅದು ಅರ್ಧ ಸತ್ಯ.

ಮುಯ್ಯಾಳು ಎಂಬ ಪದ್ಧತಿ ಊರಿನ ಎಲ್ಲರಿಗೂ ಇತ್ತೇ? ಇರಲಿಲ್ಲ. ಹೊಲ ಇದ್ದವರ ನಡುವೆ ಇತ್ತು. ಕೇರಿಯವರನ್ನು ಮುಯ್ಯಿಗೆ ಕರೆಯುತ್ತಿರಲಿಲ್ಲ, ಬಿಟ್ಟಿಗೆ ಕರೆಯುತ್ತಿದ್ದರು. ಕೆರೆ ಹೂಳು ತೆಗೆಯಲು, ಸತ್ತ ದನ ಎಳೆಯಲು, ಹಬ್ಬಕ್ಕೆ ತಮಟೆ ಬಡಿಯಲು. ‘ಊರ ಕೆಲಸ’ ಎಂದು ಅದಕ್ಕೂ ಒಂದು ಒಳ್ಳೆಯ ಹೆಸರಿತ್ತು. ಅವರ ಸೂರು ಹೊದಿಸಲು ಊರಿನಿಂದ ಯಾರು ತಿರುಗಿ ಹೋದರು?

ಇದೆಲ್ಲ ಹಳೆಯ ಕಾಲದ ಮಾತು ಎನ್ನಬೇಡಿ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ದೇಶವೆಲ್ಲ ಓದಿತು. ಬಂಧನಗಳೂ ಆದವು. ಮಕ್ಕಳ ಕೈಯಲ್ಲಿ ಪೊರಕೆ ಕೊಡುವಾಗ ನಮ್ಮ ಶಾಲೆಗಳಲ್ಲಿ ಹೇಳುವ ಮಾತು ‘ಶ್ರಮದಾನ’. ಯಾರ ಮಕ್ಕಳಿಗೆ ಪೊರಕೆ, ಯಾರ ಮಕ್ಕಳಿಗೆ ಹೂಗಿಡಕ್ಕೆ ನೀರು ಹಾಕುವ ಕೆಲಸ ಎಂದು ಒಮ್ಮೆ ನಿಂತು ನೋಡಿ.

ಊಟದ ಕಥೆಯೂ ಅಷ್ಟೇ. 2015ರಲ್ಲಿ ನಮ್ಮದೇ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು ದಲಿತ ಹೆಂಗಸು ಎಂಬ ಕಾರಣಕ್ಕೆ ಬಹುಪಾಲು ಮಕ್ಕಳನ್ನು ಮನೆಯವರು ಆ ಶಾಲೆಯಿಂದಲೇ ಬಿಡಿಸಿದ್ದರು. ಯೋಚಿಸಿ. ಬೆಂಗಳೂರಿನ ಹೋಟೆಲಿನಲ್ಲಿ ಒಳಗೆ ದೋಸೆ ಹುಯ್ಯುವವನು ಯಾರು ಎಂದು ನಾವು ಯಾರೂ ಕೇಳುವುದಿಲ್ಲ. ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ತಿಂದು, ವಿಡಿಯೋ ಹಾಕುತ್ತೇವೆ. ಊರಿಗೆ ಬಂದು ಅದೇ ಕೈಯಲ್ಲಿ ಶಾಲೆಯ ಅನ್ನದ ತಟ್ಟೆ ತಳ್ಳುತ್ತೇವೆ.

ಇನ್ನು ನಮ್ಮ ವಯಸ್ಸಿನವರಿಗೆ ಒಂದು ಮಾತು. ನಮಗೂ ಸೇರಿಸಿಯೇ. ಕೋರಮಂಗಲಕ್ಕೆ ಹೋಗಿ ಬರಲು ಆ ಭಾನುವಾರ ನಮಗೆ ಹದಿಮೂರು ಗಂಟೆ ಹಿಡಿಯಿತು. ಅದರ ಹಿಂದಿನ ವಾರ ನಮ್ಮ ನಾಲ್ವರಲ್ಲಿ ಒಬ್ಬರ ಊರಿನಲ್ಲಿ ಗ್ರಾಮಸಭೆ ಇತ್ತು. ಎರಡು ಗಂಟೆಯ ಕೆಲಸ. ಹೋಗಿರಲಿಲ್ಲ. ‘ಅಲ್ಲಿ ಏನಿರುತ್ತೆ, ಬರೀ ಜಗಳ’ ಅಂದಿದ್ದೆವು. ಪತ್ರಿಕೋದ್ಯಮ ಓದಿದವರು ನಾವು! ಹೋಟೆಲಿನ ಮೆನು ಓದಿದಷ್ಟು ಗಮನ ಕೊಟ್ಟು ನಮ್ಮ ಪಂಚಾಯಿತಿಯ ಕ್ರಿಯಾ ಯೋಜನೆ ಓದಿದವರು ನಮ್ಮಲ್ಲಿ ಎಷ್ಟು ಜನ?

ಹಾಗಾದರೆ ಏನು ಮಾಡಬೇಕು

ಹೋಟೆಲಿಗೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಿ. ತಿನ್ನಿ. ದುಡಿದ ದುಡ್ಡು, ಒಳ್ಳೆಯ ದೋಸೆ ತಿನ್ನುವ ಹಕ್ಕು ಬೆಂಗಳೂರಿನವರಿಗೆ ಮಾತ್ರ ಬರೆದುಕೊಟ್ಟಿಲ್ಲ. ಆದರೆ ಲೆಕ್ಕದ ಪುಸ್ತಕ ಇಬ್ಬರೂ ತೆರೆಯೋಣ.

ಬೆಂಗಳೂರಿನವರ ಬಾಕಿ ಇದು. ಮೊದಲು ನೀರು. ಮೂರನೇ ಹಂತದ ಶುದ್ಧೀಕರಣ ಆಗಲಿ ಎಂದು ಇಲ್ಲಿಯ ರೈತರು ಮಾತ್ರ ಕೂಗಿದರೆ ಸಾಲದು, ನೀರು ಕೊಳೆ ಮಾಡುವವರೂ ಕೂಗಬೇಕು. ಟಿ-ಶರ್ಟ್ ಹಾಕಿಕೊಂಡು ನಮ್ಮ ಕೆರೆಗೆ ಬರುವ ಬದಲು ತಮ್ಮದೇ ಬಡಾವಣೆಯ ಹೋಟೆಲಿಗೆ ಹೋಗಿ, ಅಡುಗೆಮನೆಯ ಎಣ್ಣೆ ಜಿಡ್ಡನ್ನು ಹಿಡಿಯುವ ತೊಟ್ಟಿ ಇದೆಯೇ, ಅದನ್ನು ತೆಗೆಸುತ್ತಾರೆಯೇ ಎಂದು ಕೇಳಲಿ. ಆ ಒಂದು ಪ್ರಶ್ನೆ ನೂರು ಸಸಿಗಿಂತ ಹೆಚ್ಚು.

ಎರಡನೆಯದು ಬೆಲೆ. ‘ರೈತರಿಂದ ನೇರ’ ಎಂದು ಗೋಡೆ ಮೇಲೆ ಬರೆಸುವ ಹೋಟೆಲುಗಳು ಬೆಲೆ ಬಿದ್ದ ತಿಂಗಳಲ್ಲೂ ಮೊದಲೇ ಒಪ್ಪಿದ ದರಕ್ಕೆ ಕೊಳ್ಳಲಿ. ನಮ್ಮ ತಾಲ್ಲೂಕುಗಳ ರೈತ ಉತ್ಪಾದಕ ಕಂಪನಿಗಳ ಜೊತೆ ವರ್ಷಕ್ಕೆ ಕಾಗದ ಮಾಡಿಕೊಳ್ಳಲಿ. ಬೆಲೆ ಏರಿದಾಗ ನಾವೂ ಆ ಕಾಗದಕ್ಕೆ ನಿಲ್ಲಬೇಕು. 2,000 ಕಂಡ ಕೂಡಲೇ ಮಾತು ಮುರಿದು ಮಂಡಿಗೆ ಓಡಿದರೆ ಮುಯ್ಯಿ ಅಲ್ಲ.

ಮೂರನೆಯದು ಹೊತ್ತು. ಬರುವುದಾದರೆ ಒಂದು ಭಾನುವಾರ ಬರಬೇಡಿ, ಒಂದು ವರ್ಷಕ್ಕೆ ಬನ್ನಿ. ಒಂದು ಕೆರೆ ಹಿಡಿದುಕೊಳ್ಳಿ, ತಿಂಗಳಿಗೊಮ್ಮೆ ನೀರಿನ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿ. ಗಿಡ ನಾವೇ ನೆಡುತ್ತೇವೆ, ನಮಗೆ ಬರುತ್ತದೆ.

ನಮ್ಮ ಬಾಕಿಯೂ ಇದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿಯವರನ್ನು ನಾವು ಕಗ್ಗದ ಕವಿ ಎಂದು ಮಾತ್ರ ನೆನೆಯುತ್ತೇವೆ. ಅವರು ನಮ್ಮ ಕಸುಬಿನವರು, ಪತ್ರಕರ್ತರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದವರು. ಆ ಹೆಸರನ್ನು ಗಮನಿಸಿ: ಸಾರ್ವಜನಿಕ ವಿಚಾರ. ಊರಿನ ವಿಷಯ ತಿಳಿದುಕೊಂಡು ಪ್ರಶ್ನೆ ಕೇಳುವುದೇ ಒಂದು ಕೆಲಸ ಎಂದು ನಂಬಿದವರು ಅವರು. ಅದಕ್ಕೆ ಪೊರಕೆಯೂ ಬೇಡ, ಟಿ-ಶರ್ಟೂ ಬೇಡ.

ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ನಿಮ್ಮ ಊರಿನ ಕೆರೆಗೆ ಬರುವ ನೀರಿನ ಪರೀಕ್ಷೆ ಕಳೆದ ವರ್ಷ ಎಷ್ಟು ಸಲ ಆಯಿತು, ಏನು ಬಂತು ಎಂದು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐದು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಮತ್ತು ಕಿಟ್ ಕೊಡಬೇಕು. ನಿಮ್ಮೂರಿನ ಆ ಐವರು ಯಾರು? ಕಿಟ್ ಎಲ್ಲಿದೆ? ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಹೊರಗೆ ತೆಗೆಸಿ. ಆರು ತಿಂಗಳಿಗೊಮ್ಮೆ ನಡೆಯಬೇಕಾದ ಗ್ರಾಮಸಭೆಗೆ ಹೋಗಿ, ಅದೇ ಮೊಬೈಲಿನಲ್ಲಿ ಅದರ ವಿಡಿಯೋ ಮಾಡಿ. ನೋಡುವವರು ಕಡಿಮೆ ಇರಬಹುದು. ನೋಡಲೇಬೇಕಾದ ಪಿಡಿಒ ನೋಡುತ್ತಾರೆ.

ಮತ್ತೆ, ಒಂದು ದಿನ ನಿಮ್ಮೂರ ಶಾಲೆಗೆ ಹೋಗಿ ಮಕ್ಕಳ ಸಾಲಿನಲ್ಲಿ ಕೂತು ಬಿಸಿಯೂಟ ಮಾಡಿ. ಯಾರು ಮಾಡಿದರು ಎಂದು ಕೇಳಬೇಡಿ. ಉಪ್ಪು ಖಾರ ಹೇಗಿದೆ ಎಂದು ಹೇಳಿ, ಅಕ್ಕನಿಗೆ ಒಂದು ಮಾತು ಚೆನ್ನಾಗಿತ್ತು ಎನ್ನಿ.

ನಾವು ನಾಲ್ವರು ಶುರು ಮಾಡಿದ್ದೇವೆ. ನಾಲ್ಕು ತಾಲ್ಲೂಕಿನಿಂದ ನಾಲ್ಕು ಅರ್ಜಿ ಈ ವಾರ ಹೋಗಿವೆ, ತಾಲ್ಲೂಕಿಗೊಂದು ಕೆರೆಯ ಬಗ್ಗೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇವೆ. ಬರದಿದ್ದರೆ ಬರಲಿಲ್ಲ ಎಂದೂ ಇಲ್ಲೇ ಹಾಕುತ್ತೇವೆ. ನಿಮ್ಮೂರ ಕೆರೆಗೆ ನೀವು ಒಂದು ಹಾಕಿ. ಬರೆಯಲು ಗೊತ್ತಾಗದಿದ್ದರೆ ಹೇಳಿ, ನಾವು ಬಂದು ಬರೆದುಕೊಡುತ್ತೇವೆ. ಸೇವೆ ಅಂತ ತಿಳಿಯಬೇಡಿ. ನಮ್ಮ ಊರಿನದಕ್ಕೆ ನೀವು ಬರಬೇಕಾಗುತ್ತದೆ.